ಟ್ರೇಲರ್ ಹಾಯಿದೋಣಿಯ ಚುಕ್ಕಾಣಿ: ಎತ್ತುವುದು ಹೇಗೆ, ಕಟ್ಟುವುದು ಯಾವುದರಿಂದ?

ಟ್ರೇಲರ್ ಮೇಲೆ ಊರೂರು ಸುತ್ತುವ ಹಾಯಿದೋಣಿಯಲ್ಲಿ ಚುಕ್ಕಾಣಿಗೆ ನಾಲ್ಕು ಬೇರೆ ಬೇರೆ ಕೆಲಸ. ಹಾಯಿ ಬಿಚ್ಚಿ ಓಡುವಾಗ ಅದು ನೀರಿನೊಳಗೆ ನೆಟ್ಟಗೆ ನಿಲ್ಲಬೇಕು. ಬಂಡೆಯೋ ಮರದ ಬೊಡ್ಡೆಯೋ ತಗುಲಿದರೆ ಮುರಿಯದೆ ಹಿಂದಕ್ಕೆ ಮಡಚಿಕೊಳ್ಳಬೇಕು. ದಡಕ್ಕೆ ಬಂದಾಗ, ಲಂಗರು ಹಾಕಿದಾಗ ಮೇಲೆದ್ದು ಅಲ್ಲೇ ಉಳಿಯಬೇಕು. ಹೆದ್ದಾರಿಯಲ್ಲಿ ಗಂಟೆಗೆ 60–80 ಕಿ.ಮೀ. ವೇಗದಲ್ಲಿ ಸಾಗುವಾಗ ಒಂದಿಷ್ಟೂ ಅಲುಗಾಡಬಾರದು. ಈ ನಾಲ್ಕನ್ನೂ ಒಂದೇ ಹಗ್ಗಕ್ಕೋ ಒಂದೇ ಪಿನ್ನಿಗೋ ವಹಿಸಿದಾಗ ಏನಾದರೊಂದು ಮುರಿಯುತ್ತದೆ. ಹಾಗಾಗಿ ಯಾವ ವಿಧಾನ ಒಳ್ಳೆಯದು ಎನ್ನುವುದಕ್ಕಿಂತ ಯಾವ ಕೆಲಸಕ್ಕೆ ಯಾವುದು ಎಂದು ಕೇಳಿಕೊಂಡರೆ ಆಯ್ಕೆ ಸುಲಭ.

ಇಲ್ಲಿರುವ ಮಾತೆಲ್ಲ ಸುಮಾರು 8 ಮೀಟರ್ ಉದ್ದದವರೆಗಿನ, ಹಿಂಗೋಡೆಗೆ ಚುಕ್ಕಾಣಿ ನೇತುಹಾಕುವ ದೋಣಿಗಳ ಬಗ್ಗೆ. ನಮ್ಮ ದೇಶದ ಕ್ಲಬ್ಬುಗಳಲ್ಲಿ ಕಾಣುವ ಲೇಸರ್, ಎಂಟರ್‌ಪ್ರೈಸ್, ಹೋಬಿ 16 ಈ ಸಾಲಿನವು; ಅಮೆರಿಕದಲ್ಲಿರುವ ಕನ್ನಡಿಗರು ಹಳೆಯದಾಗಿ ಕೊಳ್ಳಬಹುದಾದ ಕ್ಯಾಟಲಿನಾ 22, ಮ್ಯಾಕ್‌ಗ್ರೆಗರ್ 26 ಕೂಡ. ಒಡಲಿನ ಅಡಿಯಲ್ಲಿ ಚುಕ್ಕಾಣಿ ಇರುವ ದೋಣಿಗಳ ಲೆಕ್ಕವೇ ಬೇರೆ.

ಹೆಸರುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳೋಣ. ನೀರಿಗಿಳಿಯುವ ಹಲಗೆ ಅಲಗು. ಅದನ್ನು ನಡುವೆ ಹಿಡಿದಿರುವ ಭಾಗ ತಲೆ, ತಲೆಯ ಎರಡು ಪಕ್ಕಗಳು ಕೆನ್ನೆಗಳು. ಕೆನ್ನೆಗಳನ್ನೂ ಅಲಗನ್ನೂ ಹಾದುಹೋಗುವ ಒಂದು ಬೋಲ್ಟಿನ ಸುತ್ತ ಅಲಗು ಮಡಚಿಕೊಳ್ಳುತ್ತದೆ. ಇಡೀ ತಲೆ ಬಾಗಿಲಿನಂತೆ ಎಡಬಲಕ್ಕೆ ತಿರುಗುವುದು ಪಿಂಟಲ್ ಎಂಬ ಗೂಟ, ಗಜನ್ ಎಂಬ ಬಳೆಗಳ ಮೇಲೆ. ಅಲಗನ್ನು ಕೆಳಗೆ ಹಿಡಿದಿಡುವುದು ಇಳಿಹಗ್ಗ. ಮೇಲಕ್ಕೆ ಎಳೆಯುವುದು ಎತ್ತುಹಗ್ಗ. ತಲೆಯನ್ನು ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು ಟಿಲ್ಲರ್. ಹಗ್ಗವನ್ನು ಜಾರದಂತೆ ಕಚ್ಚಿ ಹಿಡಿಯುವ ಸಾಧನ ಕ್ಲೀಟ್.

ಐದು ಡಿಗ್ರಿಯ ಬೆಲೆ

ಅಲಗು ಪೂರ್ತಿ ಇಳಿದಿದೆಯೋ ಅಥವಾ ಒಂದಿಷ್ಟು ಹಿಂದಕ್ಕೆ ವಾಲಿದೆಯೋ ಎನ್ನುವುದನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು. ಅಲಗು ನೆಟ್ಟಗಿರುವಾಗ ನೀರಿನ ಒತ್ತಡದ ಕೇಂದ್ರ ತಿರುಗುಣಿಯ ರೇಖೆಯಿಂದ (ಪಿಂಟಲ್‌ಗಳನ್ನು ಹಾದುಹೋಗುವ ಗೆರೆ) 5 ಸೆಂ.ಮೀ. ಹಿಂದೆ, ಬೋಲ್ಟಿನಿಂದ 50 ಸೆಂ.ಮೀ. ಕೆಳಗೆ ಇದೆ ಎಂದಿಟ್ಟುಕೊಳ್ಳಿ. ಬೋಲ್ಟು ತಿರುಗುಣಿಯ ರೇಖೆಯ ಮೇಲೇ ಇದೆ ಎನ್ನಿ. ಟಿಲ್ಲರ್ ಹಿಡಿದ ಕೈಗೆ ಎಷ್ಟು ಭಾರ ಬರಬೇಕೆಂದು ತೀರ್ಮಾನಿಸುವುದು ಆ 5 ಸೆಂ.ಮೀ. ಅಲಗು ಬರೀ 5 ಡಿಗ್ರಿ ಹಿಂದಕ್ಕೆ ಸರಿದರೂ ಆ ದೂರ 9 ಸೆಂ.ಮೀ. ದಾಟುತ್ತದೆ, ಅಂದರೆ ಭಾರ ಹೆಚ್ಚುಕಡಿಮೆ ಎರಡು ಪಟ್ಟು. 15 ಡಿಗ್ರಿಗೆ ಅದು ಸುಮಾರು 18 ಸೆಂ.ಮೀ., 30 ಡಿಗ್ರಿಗೆ 29, 45 ಡಿಗ್ರಿಗೆ 39. ಗಾಳಿ ಏರಿದಾಗ ಟಿಲ್ಲರ್ ಕೈಯಿಂದ ಕಿತ್ತುಕೊಂಡು ಹೋಗುವಂತಾದರೆ ಹಾಯಿಯನ್ನೋ ಮಾಸ್ಟಿನ (ಹಾಯಿಕಂಬದ) ಓರೆಯನ್ನೋ ದೂರುವ ಮೊದಲು ಹಿಂದಕ್ಕೆ ತಿರುಗಿ ಅಲಗನ್ನು ನೋಡಿ.

ನೋಡುವುದಕ್ಕೂ ಒಂದು ಉಪಾಯವಿದೆ. ದೋಣಿ ನೆಲದ ಮೇಲಿರುವಾಗ ಅಲಗನ್ನು ಪೂರ್ತಿ ಇಳಿಸಿ, ಕೆನ್ನೆಯ ಹಿಂಬದಿಯ ಅಂಚಿಗೆ ಸರಿಯಾಗಿ ಅಲಗಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಓಡುವಾಗ ಗೆರೆ ಅಂಚಿನಿಂದ ದೂರ ಸರಿದಿದ್ದರೆ ಅಲಗು ವಾಲಿದೆ ಎಂದರ್ಥ. ನೀರಿನೊಳಗೆ ಬಗ್ಗಿ ನೋಡುವ ಕಷ್ಟವಿಲ್ಲ.

ವಾಲುವುದೇಕೆ? ಹಗ್ಗ ಹಿಗ್ಗುವುದರಿಂದ. ಇಳಿಹಗ್ಗ ಅಲಗನ್ನು ಹಿಡಿಯುವ ಜಾಗ ಬೋಲ್ಟಿನಿಂದ ಕೇವಲ 6 ಸೆಂ.ಮೀ. ದೂರದಲ್ಲಿದ್ದು, ಹಗ್ಗ ಟಿಲ್ಲರ್‌ಗುಂಟ 1.2 ಮೀಟರ್ ಮುಂದೆ ಬಂದು ಕ್ಲೀಟಿಗೆ ಬಿದ್ದಿದೆ ಎನ್ನಿ. ನೂರಕ್ಕೆ ಒಂದರಷ್ಟು ಹಿಗ್ಗಿದರೂ 12 ಮಿ.ಮೀ. ಆಯಿತು. 6 ಸೆಂ.ಮೀ. ತ್ರಿಜ್ಯದಲ್ಲಿ 12 ಮಿ.ಮೀ. ಅಂದರೆ ಸುಮಾರು 11 ಡಿಗ್ರಿ. ಟಿಲ್ಲರಿನ ಭಾರ ಆಗಲೇ ಮೂರು ಪಟ್ಟಿನ ಹತ್ತಿರ. ಹಾಗಾಗಿ ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ ಇಳಿಹಗ್ಗಕ್ಕೆ ಸಲ್ಲದು, ಅದು ರಬ್ಬರಿನ ತಮ್ಮ. ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗ, ಅಂದರೆ ಪಾಲಿಪ್ರೊಪಿಲೀನ್, ನೀರಲ್ಲಿ ತೇಲುತ್ತದೆ ನಿಜ, ಆದರೆ ಬಿಸಿಲಿಗೆ ಪುಡಿಯಾಗುತ್ತದೆ ಮತ್ತು ಕ್ಲೀಟಿನಲ್ಲಿ ಜಾರುತ್ತದೆ. ಇಳಿಹಗ್ಗಕ್ಕೆ 4 ಮಿ.ಮೀ. ಡೈನೀಮಾ (ಬಹಳ ಕಡಿಮೆ ಹಿಗ್ಗುವ ಕೃತಕ ನಾರು) ತಿರುಳಿನ ಹಗ್ಗ, ಅದು ಸಿಗದಿದ್ದರೆ ಮೊದಲೇ ಎಳೆದು ಬಿಗಿಗೊಳಿಸಿದ ಪಾಲಿಯೆಸ್ಟರ್. ಎತ್ತುಹಗ್ಗಕ್ಕೆ ಹಿಗ್ಗಿದರೂ ನಡೆಯುತ್ತದೆ. ಕೈಗೆ ಹಿತವಾಗಲಿ ಎಂದು 5 ಮಿ.ಮೀ. ಪಾಲಿಯೆಸ್ಟರ್ ಸಾಕು. ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡಿ. ಅಲೆಗೆ ದೋಣಿ ಕುಣಿಯುವಾಗ ಯಾವುದು ಯಾವುದೆಂದು ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಹಗ್ಗ ಬದಲಾಯಿಸುವುದರ ಜೊತೆಗೆ ತ್ರಿಜ್ಯ ಹೆಚ್ಚಿಸುವುದರಲ್ಲೂ ಲಾಭವಿದೆ. ಹಗ್ಗ ಹಿಡಿಯುವ ಜಾಗವನ್ನು 6ರಿಂದ 10 ಸೆಂ.ಮೀ.ಗೆ ಒಯ್ದರೆ ಹಗ್ಗದ ಮೇಲಿನ ಎಳೆತವೂ ಕಡಿಮೆ, ಅದೇ ಹಿಗ್ಗಿಗೆ ಅಲಗು ವಾಲುವ ಕೋನವೂ ಕಡಿಮೆ.

ಈಗ ಆಯ್ಕೆಗಳು.

ಬೋಲ್ಟಿನ ಬಿಗಿ ಮಾತ್ರ

ಹಳೆಯ ಮರದ ಡಿಂಗಿಗಳಲ್ಲಿ (ಸಣ್ಣ ತೆರೆದ ದೋಣಿಗಳಲ್ಲಿ) ಚಿಟ್ಟೆ ನಟ್ಟನ್ನು ತಿರುಗಿಸಿ, ಕೆನ್ನೆಗಳು ಅಲಗನ್ನು ಒತ್ತಿ ಹಿಡಿಯುವಂತೆ ಮಾಡುವುದಿತ್ತು. ಹಗ್ಗವಿಲ್ಲ, ಕ್ಲೀಟಿಲ್ಲ, ಖರ್ಚೂ ಇಲ್ಲ. ಆದರೆ ಒದ್ದೆಯಾದಾಗ ಒಂದು ಬಿಗಿ, ಒಣಗಿದಾಗ ಇನ್ನೊಂದು. ಅಲಗು ಕೆಳಗೆ ನಿಲ್ಲುವಷ್ಟು ಬಿಗಿ ಮಾಡಿದರೆ ಮೇಲೆತ್ತಲು ಎರಡು ಕೈ ಬೇಕು. ಸುಲಭವಾಗಿ ಎತ್ತುವಷ್ಟು ಸಡಿಲಿಸಿದರೆ ನಾಲ್ಕು ನಾಟ್ (ಗಂಟೆಗೆ ಸುಮಾರು 7 ಕಿ.ಮೀ.) ವೇಗಕ್ಕೆ ಅಲಗು ತಾನೇ ತೇಲಿ ಏಳುತ್ತದೆ. ಬಿಗಿ ಮಾಡುತ್ತ ಹೋದವರಿಗೆ ಕೊನೆಗೆ ಸಿಗುವುದು ಬೋಲ್ಟಿನ ಸುತ್ತ ಸೀಳಿದ ಕೆನ್ನೆ. ಇದನ್ನು ಆರಿಸಿಕೊಳ್ಳಲು ಇಂದು ಕಾರಣವೇ ಇಲ್ಲ.

ಪಿನ್

ಕೆನ್ನೆ ಮತ್ತು ಅಲಗನ್ನು ಹಾದು ಒಂದು ತೂತು, ಅದರಲ್ಲೊಂದು ಪಿನ್. ಅಲಗು ಅಲ್ಲಾಡುವ ಮಾತೇ ಇಲ್ಲ. ಮೇಲೆತ್ತಿದ ಸ್ಥಿತಿಗೆ ಇದಕ್ಕಿಂತ ನಂಬಿಕಸ್ಥ ಉಪಾಯ ಇನ್ನೊಂದಿಲ್ಲ: 6 ಅಥವಾ 8 ಮಿ.ಮೀ. ಸ್ಟೇನ್‌ಲೆಸ್ ಪಿನ್, ಅದರ ತಲೆಗೆ 3 ಮಿ.ಮೀ. ದಾರ, ದಾರದ ಇನ್ನೊಂದು ತುದಿ ಚುಕ್ಕಾಣಿಯ ತಲೆಗೆ. ದಾರ ಕಟ್ಟದ ಪಿನ್ ಮೊದಲ ದಿನವೇ ನೀರುಪಾಲು.

ಕೆಳಗಿಳಿಸಿದ ಸ್ಥಿತಿಗೆ ಅದೇ ಸ್ಟೇನ್‌ಲೆಸ್ ಪಿನ್ ಹಾಕಿದಿರೋ, ಮಡಚುವ ಅಲಗು ಇದ್ದೂ ಇಲ್ಲದಂತೆ. ಬೊಡ್ಡೆಗೆ ಬಡಿದಾಗ ಪಿನ್ ಬಾಗುವುದಿಲ್ಲ, ಕೆನ್ನೆ ಒಡೆಯುತ್ತದೆ ಇಲ್ಲವೇ ಹಿಂಗೋಡೆಯ ಗಜನ್ ಕಿತ್ತುಬರುತ್ತದೆ. ಕೆಳಗಿನ ತೂತಿಗೆ ಮುರಿಯಲೆಂದೇ ಇರುವ ಪಿನ್ ಬೇಕು: 6 ಮಿ.ಮೀ. ಮರದ ಕಡ್ಡಿ, ಅಥವಾ ಅದೇ ದಪ್ಪದ ನೈಲಾನ್ ಬೋಲ್ಟ್. ವಿದ್ಯುತ್ ಫ್ಯೂಸಿನಂತೆ ಅದು ಮುರಿದು ಉಳಿದದ್ದನ್ನು ಕಾಯುತ್ತದೆ. ತೊಂದರೆ ಏನೆಂದರೆ ಮುರಿದ ಮೇಲೆ ತುಂಡು ತೂತಿನೊಳಗೇ ಸಿಕ್ಕಿಕೊಳ್ಳುತ್ತದೆ. ಓಡುತ್ತಿರುವ ದೋಣಿಯ ಹಿಂಬದಿಗೆ ಬಾಗಿ ಅದನ್ನು ಕುಟ್ಟಿ ತೆಗೆದು ಹೊಸದನ್ನು ತೂರಿಸುವುದು ಒಬ್ಬರ ಕೆಲಸವಲ್ಲ. ಹತ್ತು ಕಡ್ಡಿ ಜೊತೆಗಿದ್ದರೂ ಬೊಡ್ಡೆ ತುಂಬಿದ ಹಿನ್ನೀರಿನಲ್ಲಿ ಬೇಸರ ಹುಟ್ಟಿಸುವ ವ್ಯವಸ್ಥೆ ಇದು. ಆಳ ಗೊತ್ತಿರುವ ನೀರಿಗೆ ಸರಿ.

ತೂತು ಕೊರೆಯುವಾಗ ಒಂದು ಎಚ್ಚರ. ಅಲಗಿನೊಳಗೆ ಪ್ಲೈವುಡ್ಡೋ ಫೋಮೋ ಇದ್ದರೆ ಬೆತ್ತಲೆ ತೂತಿನಿಂದ ನೀರು ಒಳಗಿಳಿದು ಒಂದೆರಡು ಮಳೆಗಾಲದಲ್ಲಿ ಅಲಗು ಊದಿಕೊಂಡು ಕೆನ್ನೆಗಳ ನಡುವೆ ಕಚ್ಚಿಕೊಳ್ಳುತ್ತದೆ. 8 ಮಿ.ಮೀ. ಪಿನ್ನಿಗೆ ಮೊದಲು 14 ಮಿ.ಮೀ. ಕೊರೆದು, ಒಂದು ಬದಿಗೆ ಟೇಪ್ ಅಂಟಿಸಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ಆಮೇಲೆ ನಡುವೆ 8 ಮಿ.ಮೀ. ಕೊರೆಯಿರಿ. ಬೋಲ್ಟಿನ ತೂತಿಗೂ ಇದೇ ಕ್ರಮ.

ಬಂಜಿ ಹಗ್ಗ

ಬೈಕಿನ ಮೇಲೆ ಸಾಮಾನು ಕಟ್ಟುವ ಎಲಾಸ್ಟಿಕ್ ಹಗ್ಗದ ಬಂಧುವೇ ಇದು. ಇದರಿಂದ ಅಲಗನ್ನು ಕೆಳಕ್ಕೆ ಎಳೆದು ಹಿಡಿದರೆ, ಏನಾದರೂ ತಗುಲಿದಾಗ ಅಲಗು ಏಳುತ್ತದೆ, ಅಡ್ಡಿ ದಾಟಿದ ಮೇಲೆ ತಾನಾಗಿ ಇಳಿಯುತ್ತದೆ. ಯಾರೂ ಏನನ್ನೂ ಮುಟ್ಟಬೇಕಿಲ್ಲ. ಒಂದೇ ಅಡಿ ನೀರಿನ ಮೇಲೆ ನಿಧಾನಕ್ಕೆ ತೇಲುವವರಿಗೆ, ಮಕ್ಕಳಿಗೆ ಕಲಿಸುವ ದೋಣಿಗಳಿಗೆ ಇದು ಬಲು ಹಿತ.

ಅಳತೆ ಹೀಗೆ: 6 ಮಿ.ಮೀ. ಬಂಜಿ, ಸಡಿಲವಾಗಿರುವಾಗ 60 ಸೆಂ.ಮೀ. ಅಲಗು ಪೂರ್ತಿ ಇಳಿದಾಗ ಅದು 90 ಸೆಂ.ಮೀ.ಗೆ ಎಳೆದುಕೊಂಡಿರಬೇಕು. ಹಿಡಿಯುವ ಜಾಗ ಬೋಲ್ಟಿನಿಂದ 8 ಸೆಂ.ಮೀ. ಇದ್ದರೆ, ಅಲಗು 90 ಡಿಗ್ರಿ ಏಳುವಾಗ ಇನ್ನೂ 12–13 ಸೆಂ.ಮೀ. ಹಿಗ್ಗಬೇಕಾಗುತ್ತದೆ, ಒಟ್ಟು 103 ಸೆಂ.ಮೀ. ಬಂಜಿ ತನ್ನ ಉದ್ದದ ಎರಡು ಪಟ್ಟಿನವರೆಗೆ ಸಹಿಸುವುದರಿಂದ ಇದು ಅದರ ಮಿತಿಯೊಳಗೇ ಇದೆ. ಮೊದಲ ಎಳೆತ ಕಡಿಮೆಯಾದರೆ ಅಲಗು ಸೋಮಾರಿಯಾಗುತ್ತದೆ.

ಎಷ್ಟೇ ಬಿಗಿ ಕಟ್ಟಿದರೂ ವೇಗ ಏರಿದಾಗ ಬಂಜಿ ಸೋಲುತ್ತದೆ. ಒಂದು ಹಿಡಿ ಜೊಂಡು ಅಲಗಿಗೆ ಸುತ್ತಿಕೊಂಡರಂತೂ ನಾಲ್ಕೈದು ಡಿಗ್ರಿ ಕೂಡಲೇ ಸರಿಯುತ್ತದೆ, ಮೇಲಿನ ಲೆಕ್ಕದ ಪ್ರಕಾರ ಟಿಲ್ಲರ್ ಎರಡು ಪಟ್ಟು ಭಾರ. ಬಿಸಿಲಿಗೆ ಒಳಗಿನ ರಬ್ಬರ್ ಸಾಯುತ್ತದೆ, ಹೊರಗಿನ ನೇಯ್ಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಎಳೆದು ಬಿಟ್ಟಾಗ ಪಟ್ಟನೆ ಹಿಂದಿರುಗದಿದ್ದರೆ ಬದಲಾಯಿಸಿ.

ಇಳಿಹಗ್ಗ, ಎತ್ತುಹಗ್ಗ, ಕ್ಲೀಟ್

ಬಹುತೇಕ ದೋಣಿಗಳಿಗೆ ನಮ್ಮ ಶಿಫಾರಸು ಇದೇ, ಆದರೆ ಸಾಮಾನ್ಯ ಕ್ಲೀಟಿನೊಂದಿಗೆ ಅಲ್ಲ. ಲೇಸರ್‌ನಲ್ಲಿ ಇಳಿಹಗ್ಗ ಟಿಲ್ಲರಿನ ಕ್ಲೀಟಿಗೆ ಬರುತ್ತದೆ. ಅಲಗು ಎತ್ತಬೇಕಾದರೆ ಹಗ್ಗ ಬಿಡಿಸಿ ಕೈಯಿಂದಲೇ ಎತ್ತುತ್ತಾರೆ. ಸಣ್ಣ ದೋಣಿ, ಕೈಗೆಟಕುವ ಚುಕ್ಕಾಣಿ, ಒಬ್ಬರೇ ಸವಾರ, ಅಷ್ಟು ಸಾಕು. ದೊಡ್ಡ ದೋಣಿಯಲ್ಲಿ ಚುಕ್ಕಾಣಿ ಹಿಂಗೋಡೆಯ ಆಚೆ ಇರುತ್ತದೆ, ನಡುವೆ ಔಟ್‌ಬೋರ್ಡ್ ಮೋಟರ್ (ಹಿಂಗೋಡೆಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಅಡ್ಡ. ಅಲ್ಲಿ ಎರಡೂ ಹಗ್ಗ ಸವಾರರು ಕೂರುವ ಕಾಕ್‌ಪಿಟ್ಟಿಗೆ ಬರಲೇಬೇಕು.

ಸಾಮಾನ್ಯ ಹಲ್ಲಿನ ಕ್ಲೀಟಿಗೆ ಇಳಿಹಗ್ಗ ಬಿಗಿದಿರಿ ಎಂದರೆ ಅದು ಸ್ಟೇನ್‌ಲೆಸ್ ಪಿನ್ ಹಾಕಿದ ಹಾಗೆಯೇ. ಹಗ್ಗ ಬಿಡುವುದಿಲ್ಲ, ಬೇರೇನೋ ಒಡೆಯುತ್ತದೆ. ಇದಕ್ಕೆ ಮೂರು ಪರಿಹಾರ.

ಅಗ್ಗದ್ದು, ಇಳಿಹಗ್ಗದ ನಡುವೆ ತೆಳು ದಾರದ ಒಂದು ಕುಣಿಕೆ: 2 ಮಿ.ಮೀ. ದಾರವನ್ನು ಎರಡು ಸುತ್ತು ಹಾಕಿ ಕಟ್ಟಿದರೆ ಬಡಿತಕ್ಕೆ ಅದು ಹರಿದು ಅಲಗನ್ನು ಬಿಡುತ್ತದೆ. ಮರಳಿ ಕಟ್ಟಲು ಎರಡು ನಿಮಿಷ, ಜೇಬಿನಲ್ಲಿ ದಾರದ ಉಂಡೆ ಇರಬೇಕು, ಅಷ್ಟೆ.

ಎರಡನೆಯದು, ಇಳಿಹಗ್ಗದ ಕೊನೆಯ ಒಂದು ಗೇಣಿಗೆ ಬಂಜಿ ಜೋಡಿಸುವುದು. ಹಗ್ಗದ ಗಟ್ಟಿತನವೂ ಬಂಜಿಯ ಮೃದುತನವೂ ಸಿಗುತ್ತದೆ ಎಂಬ ಆಸೆಯಿಂದ ಮಾಡುವುದು. ಸಿಗುವುದು ಬಂಜಿಯ ದೋಷ ಮಾತ್ರ: ಸರಪಳಿಯಲ್ಲಿ ಅತಿ ಹಿಗ್ಗುವ ಕೊಂಡಿಯೇ ಅಲಗು ಎಷ್ಟು ವಾಲಬೇಕೆಂದು ತೀರ್ಮಾನಿಸುತ್ತದೆ.

ಮೂರನೆಯದು ಆಟೋ-ರಿಲೀಸ್ ಕ್ಲೀಟ್. ಕ್ಲ್ಯಾಮ್‌ಕ್ಲೀಟ್ ಕಂಪನಿಯ ಸಿಎಲ್257 ಎಂಬ ಪುಟ್ಟ ಕ್ಲೀಟ್ ಈ ಕೆಲಸಕ್ಕೆಂದೇ ಇರುವುದು, 3ರಿಂದ 6 ಮಿ.ಮೀ. ಹಗ್ಗಕ್ಕೆ ಹೊಂದುತ್ತದೆ. ಅದರ ಹಲ್ಲಿನ ಭಾಗ ಒಂದು ತಳದ ಮೇಲೆ ಮಗುಚುವಂತೆ ಕೂತಿದೆ. ಹಗ್ಗದ ಎಳೆತ ನೀವು ಗೊತ್ತುಮಾಡಿದ ಮಿತಿ ದಾಟಿದರೆ ಅದು ಮಗುಚಿ ಹಗ್ಗವನ್ನು ಬಿಟ್ಟುಬಿಡುತ್ತದೆ. ಮತ್ತೆ ಅದುಮಿ ಕೂರಿಸಿ ಹಗ್ಗ ಎಳೆದರೆ ಸಿದ್ಧ. ಹುಡುಗರ ಕ್ಲಬ್ ದೋಣಿಯಿಂದ ಹಿಡಿದು ಎರಡು ಚುಕ್ಕಾಣಿಯ ಮ್ಯಾಕ್‌ಗ್ರೆಗರ್ 26ರವರೆಗೆ ಇದು ಹೊಂದಿಕೊಳ್ಳುತ್ತದೆ. ಎರಡು ಚುಕ್ಕಾಣಿ ಇದ್ದರೆ ಎರಡು ಕ್ಲೀಟ್ ಬೇಕು. ಒಂದೇ ಕ್ಲೀಟಿಗೆ ಎರಡೂ ಹಗ್ಗ ಸೇರಿಸಿದರೆ ಒಂದು ಅಲಗಿಗೆ ಬಿದ್ದ ಪೆಟ್ಟು ಎರಡನ್ನೂ ಮೇಲೆಬ್ಬಿಸುತ್ತದೆ, ಆಗ ದೋಣಿಗೆ ದಿಕ್ಕೇ ಇಲ್ಲ.

ಕ್ಲೀಟಿನ ಮಿತಿ ಹೊಂದಿಸಲು ಸೂಟ್‌ಕೇಸ್ ತೂಗುವ ಕೈತಕ್ಕಡಿ ಸಾಕು. ದೋಣಿ ಟ್ರೇಲರ್ ಮೇಲಿರುವಾಗ ಅಲಗನ್ನು ಇಳಿಸಿ, ಇಳಿಹಗ್ಗ ಬಿಗಿದು, ಅಲಗಿನ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಹಿಂದಕ್ಕೆ ನೇರವಾಗಿ ಎಳೆಯಿರಿ. ಆರಂಭಕ್ಕೆ 8ರಿಂದ 10 ಕಿಲೋ ಎಳೆತಕ್ಕೆ ಬಿಡುವಂತೆ ಸ್ಕ್ರೂ ತಿರುಗಿಸಿ. ಬಿರುಗಾಳಿಯಲ್ಲಿ ಏನೂ ತಗುಲದೆ ತಾನಾಗಿ ಬಿಟ್ಟರೆ ಕಾಲು ಸುತ್ತು ಬಿಗಿ ಮಾಡಿ. ಹಗ್ಗದ ದಪ್ಪ ಬದಲಾದರೆ ಮತ್ತೆ ತೂಗಿ ನೋಡಿ. ಕ್ಲೀಟನ್ನು ಹಗ್ಗದ ನೇರಕ್ಕೇ ಕೂರಿಸಬೇಕು. ಓರೆಯಾದ ಎಳೆತಕ್ಕೆ ಅದು ಸರಿಯಾಗಿ ಮಗುಚುವುದಿಲ್ಲ. ಮತ್ತೊಂದು ತಪ್ಪು ಪದೇಪದೇ ಕಾಣುತ್ತದೆ: ಹಗ್ಗ ಕೈತಪ್ಪದಿರಲಿ ಎಂದು ಕ್ಲೀಟಿನ ಪಕ್ಕದಲ್ಲೇ ಗಂಟು ಹಾಕುವುದು. ಕ್ಲೀಟ್ ಬಿಟ್ಟರೂ ಗಂಟು ತೂತಿಗೆ ಸಿಕ್ಕಿ ಹಗ್ಗ ನಿಲ್ಲುತ್ತದೆ. ಗಂಟು ಬೇಕಾದರೆ ಅಲಗು ಪೂರ್ತಿ ಏಳಲು ಬೇಕಾದಷ್ಟು ಹಗ್ಗ ಬಿಟ್ಟು, ಅದರಾಚೆ ಹಾಕಿ.

ಎತ್ತುಹಗ್ಗಕ್ಕೆ ಸಾಮಾನ್ಯ ಕ್ಲೀಟೇ ಸರಿ. ಅಲಗಿನ ಹಿಂಬದಿ ಅಂಚಿನಲ್ಲಿ, ಬೋಲ್ಟಿನಿಂದ 25–30 ಸೆಂ.ಮೀ. ಕೆಳಗೆ ಅದನ್ನು ಕಟ್ಟಿದರೆ ಎತ್ತುವುದು ಹಗುರ. ತೀರಾ ಮೇಲೆ ಕಟ್ಟಿದರೆ ಅಲಗು ಅಡ್ಡ ಮಲಗುವ ಹೊತ್ತಿಗೆ ಹಗ್ಗಕ್ಕೆ ಹಿಡಿತವೇ ಸಿಗುವುದಿಲ್ಲ.

ಸ್ಪ್ರಿಂಗ್ ಮತ್ತು ಕ್ಯಾಮ್

ಹೋಬಿ 16ರ ದಾರಿ ಇದು. ತಲೆಯ ಎರಕದೊಳಗೆ ಸ್ಪ್ರಿಂಗಿನ ಬಲದಿಂದ ಒತ್ತಿ ನಿಂತ ಕ್ಯಾಮ್ (ತಿರುಗಿ ಬೀಗದಂತೆ ಕಚ್ಚುವ ತುಂಡು) ಇದೆ. ಅಲಗು ಇಳಿದಾಗ ‘ಟಕ್’ ಎಂದು ಬೀಗ ಬೀಳುತ್ತದೆ, ಬಲವಾದ ಪೆಟ್ಟಿಗೆ ಬೀಗ ಬಿಡುತ್ತದೆ. ಹಗ್ಗದ ಹಿಗ್ಗಿನ ತಲೆನೋವಿಲ್ಲ. ಆ ದೋಣಿಗೆ ಇದು ಹೊಂದಲು ತಕ್ಕ ಕಾರಣವೂ ಇದೆ: ಹೋಬಿ 16ರ ಒಡಲಿಗೆ ಸೆಂಟರ್‌ಬೋರ್ಡೇ (ಒಡಲಿನ ನಡುವಿನಿಂದ ನೀರಿಗಿಳಿಯುವ ಹಲಗೆ) ಇಲ್ಲ, ನೀರಿನಲ್ಲಿ ಅತಿ ಆಳಕ್ಕೆ ಇರುವುದು ಚುಕ್ಕಾಣಿಗಳೇ. ಮರಳ ದಡಕ್ಕೆ ಅಲೆಯ ಮೇಲೆ ಬಂದು ಏರುವ ದೋಣಿಯಲ್ಲಿ ಮೊದಲು ನೆಲ ಮುಟ್ಟುವುದು ಅವೇ.

ಬೇರೆ ದೋಣಿಗೆ ಇದನ್ನು ಹೊರಗಿನಿಂದ ತಂದು ಜೋಡಿಸುವ ಸಾಹಸ ಬೇಡ. ಇರುವವರಿಗೆ ಮರಳಿನ ಬಗ್ಗೆ ಎಚ್ಚರ ಇರಲಿ. ನಾಲ್ಕು ಕಾಳು ಒಳಹೊಕ್ಕರೆ ಕ್ಯಾಮ್ ಅರ್ಧಕ್ಕೆ ನಿಂತು ಬೀಗ ಬಿದ್ದಂತೆ ನಟಿಸುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಬೀಗ ಬಿದ್ದ ಸದ್ದನ್ನು ಕಿವಿಯಾರೆ ಕೇಳಿಯೇ ಹೊರಡಬೇಕು. ಗ್ರೀಸ್ ಹಚ್ಚಿದರೆ ಮರಳಿಗೆ ಗೋಂದು ಕೊಟ್ಟಂತೆ.

ಮೇಲೆ ಕೆಳಗೆ ಜಾರುವ ಅಲಗು

ಪೆಟ್ಟಿಗೆಯಂಥ ತಲೆಯೊಳಗೆ ಅಲಗು ನೆಟ್ಟಗೆ ಜಾರುವ ವ್ಯವಸ್ಥೆ. ಮಡಚುವ ಅಲಗನ್ನು ಅರ್ಧ ಎತ್ತಿದರೆ ಟಿಲ್ಲರ್ ಭಾರವಾಗುತ್ತದೆ ಎಂದು ಕಂಡೆವಲ್ಲ, ಇಲ್ಲಿ ಹಾಗಿಲ್ಲ. ಅರ್ಧ ಎತ್ತಿದರೂ ಟಿಲ್ಲರ್ ಹಗುರ, ಆಳ ಕಡಿಮೆಯಿದ್ದರೂ ದಿಕ್ಕು ತಪ್ಪದು. ಆದರೆ ಬಡಿದರೆ ಮಡಚಿಕೊಳ್ಳುವುದಿಲ್ಲ, ಪೆಟ್ಟಿಗೆಯೇ ಮಡಚುವಂತೆ ಮಾಡಿದ್ದರೆ ಭಾರವೂ ಬೆಲೆಯೂ ಏರುತ್ತದೆ. ಮೆದು ಕೆಸರಿನ ನೀರಿಗೆ ಒಳ್ಳೆಯದು, ಬಂಡೆಗೆ ಅಲ್ಲ.

ಮಡಚದ ಚುಕ್ಕಾಣಿ

ಆಪ್ಟಿಮಿಸ್ಟ್‌ನಂಥ ಮಕ್ಕಳ ದೋಣಿಗಳಲ್ಲಿ ಅಲಗು, ತಲೆ ಎಲ್ಲ ಒಂದೇ. ಸೊಂಟದುದ್ದ ನೀರಿಗೆ ನಡೆದು ಚುಕ್ಕಾಣಿ ನೇತುಹಾಕುವುದು, ಮರಳಿ ಬರುವಾಗ ಅಲ್ಲೇ ಕಳಚುವುದು. ಕೆಡಲು ಏನೂ ಇಲ್ಲ. ದೋಣಿ 100 ಕಿಲೋ ದಾಟಿದ ಮೇಲೆ ಅಲೆಯಲ್ಲಿ ನಿಂತು ಇದನ್ನು ಮಾಡುವುದು ಕಷ್ಟ.

ಯಾವುದೂ ಕಾಯದ ಒಂದು ಸಂದರ್ಭ

ಮಡಚುವ ಅಲಗು ಎಂದರೆ ಚುಕ್ಕಾಣಿ ಮುರಿಯುವುದೇ ಇಲ್ಲ ಎಂಬ ನಂಬಿಕೆ ಹಲವರಿಗಿದೆ. ಮೇಲೆ ಹೇಳಿದ ಪ್ರತಿಯೊಂದು ವ್ಯವಸ್ಥೆಯೂ ದೋಣಿ ಮುಂದಕ್ಕೆ ಹೋಗುವಾಗ ಮಾತ್ರ ಕೆಲಸ ಮಾಡುತ್ತದೆ. ಅಲಗು ಹಿಂದಕ್ಕೆ ಮಡಚುತ್ತದೆ, ಮುಂದಕ್ಕೆ ಮಡಚಲು ತಲೆಯೊಳಗಿನ ತಡೆ ಬಿಡುವುದಿಲ್ಲ. ದೋಣಿ ಹಿಮ್ಮುಖವಾಗಿ ಚಲಿಸುತ್ತಿದ್ದು ಅಲಗಿನ ತುದಿ ನೆಲಕ್ಕೆ ಊರಿಕೊಂಡರೆ ಒಡಲಿನ ಪೂರ್ತಿ ತೂಕ ಆ ತಡೆಯ ಮೇಲೆ ಬೀಳುತ್ತದೆ. ಆಟೋ-ರಿಲೀಸ್ ಕ್ಲೀಟಿಗೆ ಇದರ ಸುದ್ದಿಯೇ ಮುಟ್ಟುವುದಿಲ್ಲ.

ಹೀಗಾಗುವುದು ಮೂರು ಕಡೆ. ಇಳಿಜಾರಿನಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ನೀರಿಗಿಳಿಸುವಾಗ ಅಲಗು ಕಾಂಕ್ರೀಟಿಗೆ ತಾಗುವುದು. ದಡದಿಂದ ಹೊರಡುವಾಗ ಎದುರುಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುವುದು. ಮಲ್ಪೆ, ಪಣಂಬೂರಿನಂಥ ತೆರೆದ ಕಡಲ ದಂಡೆಯಲ್ಲಿ ಮುಂದಿನಿಂದ ಬರುವ ಅಲೆ ದೋಣಿಯನ್ನು ಮರಳಿನತ್ತ ಎಸೆಯುವುದು. ಅಲಗು ಎತ್ತಿ ಪಿನ್ ಹಾಕಿರುವುದೊಂದೇ ಇಲ್ಲಿ ರಕ್ಷಣೆ. ದಡ ಬಿಡುವಾಗ ಸೊಂಟದುದ್ದ ನೀರು ದಾಟುವವರೆಗೆ ಅಲಗು ಮೇಲೆಯೇ ಇರಲಿ. ಅಷ್ಟು ದೂರಕ್ಕೆ ಹುಟ್ಟು ಹಾಕಿದರಾಯಿತು.

ದಡಕ್ಕೆ ಬರುವಾಗ ಕ್ರಮ ಬೇರೆ. ಸೆಂಟರ್‌ಬೋರ್ಡ್ ಅಥವಾ ತೂಗುವ ಕೀಲ್ (ಒಡಲಿನ ಅಡಿಯ, ಎತ್ತಿ ಇಳಿಸುವ ಭಾರವಾದ ರೆಕ್ಕೆ) ಇರುವ ದೋಣಿಗಳಲ್ಲಿ ಸಾಮಾನ್ಯವಾಗಿ ಅದೇ ಚುಕ್ಕಾಣಿಗಿಂತ ಆಳ. ಕ್ಯಾಟಲಿನಾ 22ರ ತೂಗುವ ಕೀಲ್ ಇಳಿದಾಗ ಸುಮಾರು 1.5 ಮೀಟರ್, ಎತ್ತಿದಾಗ ಸುಮಾರು 0.6 ಮೀಟರ್ ಆಳ. ಇಳಿದಿರುವವರೆಗೆ ನೆಲದ ಸುದ್ದಿಯನ್ನು ಮೊದಲು ಮುಟ್ಟಿಸುವುದು ಕೀಲ್. ಎತ್ತಿದ ಕ್ಷಣದಿಂದ ಪೆಟ್ಟು ತಿನ್ನುವ ಸರದಿ ಚುಕ್ಕಾಣಿಯದು. ಹಾಗಾಗಿ ಕೀಲ್ ಎತ್ತುವ ಮೊದಲೇ ಇಳಿಹಗ್ಗವನ್ನು ಕ್ಲೀಟಿನಿಂದ ಬಿಡಿಸಿ ಕೈಯಲ್ಲಿ ಹಿಡಿಯಿರಿ, ಮುಖ್ಯ ಹಾಯಿಯ ಗಾಳಿ ಬಿಡಿ, ವೇಗ ನಡಿಗೆಯಷ್ಟಾಗಲಿ. ಅಲಗು ಅರ್ಧ ಎದ್ದಿರುವಾಗ ಟಿಲ್ಲರನ್ನು ಜೋರಾಗಿ ಎಳೆಯಬೇಡಿ. 45 ಡಿಗ್ರಿಯಲ್ಲಿ ಎಂಟು ಪಟ್ಟು ಭಾರ ಎಂಬುದು ನೆನಪಿರಲಿ, ಅದು ಕೆನ್ನೆಗಳನ್ನು ತಿರುಚುವ ಭಾರ.

ಮೋಟರ್ ಇರುವವರಿಗೆ ಇನ್ನೊಂದು: ಅಲಗು ಇಳಿದಿರುವಾಗ ಟಿಲ್ಲರನ್ನು ಕೊನೆಯವರೆಗೆ ತಿರುಗಿಸಿ, ಪ್ರೊಪೆಲ್ಲರಿಗೆ ತಾಗುತ್ತದೆಯೇ ಎಂದು ನೆಲದ ಮೇಲೆಯೇ ನೋಡಿಕೊಳ್ಳಿ. ತಾಗುವಂತಿದ್ದರೆ ಟಿಲ್ಲರಿಗೆ ಹಗ್ಗದ ಮಿತಿ ಕಟ್ಟಿ. ದೊಡ್ಡ ಮೋಟರಿನ ಮ್ಯಾಕ್‌ಗ್ರೆಗರಿನಲ್ಲಿ ವೇಗವಾಗಿ ಹೋಗುವಾಗ ಚುಕ್ಕಾಣಿಗಳನ್ನು ಎತ್ತಿಯೇ ಇಡಬೇಕು, ಆ ವೇಗಕ್ಕೆ ಅವು ಆದವಲ್ಲ. ಆಗ ದಿಕ್ಕು ಕೊಡುವುದು ಮೋಟರೇ.

ಲಂಗರು ಹಾಕಿ ರಾತ್ರಿ ಉಳಿಯುವುದಾದರೆ ಅಲಗನ್ನು ಅಡ್ಡ ಮಲಗಿಸಿ ಬಿಡಬೇಡಿ. ಪ್ರತಿ ಅಲೆಯೂ ಅದರ ಅಡಿಗೆ ಚಪ್ಪಾಳೆ ಹೊಡೆಯುತ್ತದೆ, ನಿದ್ದೆಯೂ ಹಾಳು ಬೋಲ್ಟೂ ಹಾಳು. ಪೂರ್ತಿ ಎತ್ತಲು ಆಗದಿದ್ದರೆ ಇಳಿಸಿಯೇ ಇಟ್ಟು ಟಿಲ್ಲರನ್ನು ಎರಡೂ ಬದಿಯ ಕ್ಲೀಟಿಗೆ ಒಂದೊಂದು ಹಗ್ಗದಿಂದ ನಡುವಿಗೆ ಕಟ್ಟಿ.

ರಸ್ತೆಯ ಮೇಲೆ

ಇಲ್ಲಿ ಹೋಲಿಕೆಗೆ ಜಾಗವೇ ಇಲ್ಲ: ಕಳಚಿ ಒಳಗಿಡಿ. ಎತ್ತಿ ಕಟ್ಟಿಕೊಂಡು ಹೋಗುವುದು ಅನುಕೂಲವೆನಿಸಿದರೂ ಲೆಕ್ಕ ಬೇರೆ ಹೇಳುತ್ತದೆ. 5 ಕಿಲೋದ ಅಲಗು ಹಿಂದಕ್ಕೆ ಅಡ್ಡ ಚಾಚಿದ್ದು, ಅದರ ಭಾರದ ಕೇಂದ್ರ ಹಿಂಗೋಡೆಯಿಂದ 45 ಸೆಂ.ಮೀ. ದೂರದಲ್ಲಿದ್ದರೆ, ಪಿಂಟಲ್‌ಗಳ ನಡುವಿನ ಅಂತರ 30 ಸೆಂ.ಮೀ. ಇರುವಲ್ಲಿ ಮೇಲಿನ ಗಜನ್ ಮೇಲೆ ನಿಂತಲ್ಲೇ 7.5 ಕಿಲೋ ಎಳೆತ. ರಸ್ತೆಯ ಉಬ್ಬಿಗೆ ಟ್ರೇಲರ್ ಎಗರಿದಾಗ ಅದು ಮೂರು ಪಟ್ಟಾದರೆ 22 ಕಿಲೋಕ್ಕೂ ಹೆಚ್ಚು. ಒಂದು ಸಲಕ್ಕೆ ಏನೂ ಆಗದು. ಒಂದು ಪಯಣದಲ್ಲಿ ಸಾವಿರಾರು ಸಲ ಹೀಗೆ ಜಗ್ಗಿದರೆ ಹಿಂಗೋಡೆಯ ಬೋಲ್ಟಿನ ತೂತುಗಳು ಅಗಲವಾಗಿ, ಸೀಲು ಬಿಟ್ಟು, ಒಳಗಿನ ಪ್ಲೈವುಡ್ ನೀರು ಕುಡಿಯಲು ತೊಡಗುತ್ತದೆ. ಚಾಚಿದ ಅಲಗು ಟ್ರೇಲರಿನ ಹಿಂದೀಪವನ್ನು ಮರೆಮಾಡುವುದೂ ಉಂಟು. ಕ್ಲೀಟಿನ ಮೇಲಂತೂ ನಂಬಿಕೆ ಬೇಡ; ಎಳೆತ ಸಡಿಲವಾಗಿ ಬಿಗಿಯಾಗಿ ಮಾಡುತ್ತಲೇ ಇದ್ದರೆ ಹಲ್ಲುಗಳಿಂದ ಹಗ್ಗ ಜಾರಿಕೊಳ್ಳುತ್ತದೆ.

ದೋಣಿ ಇಳಿಸುವ ಜಾಗದೊಳಗಿನ ನೂರಿನ್ನೂರು ಮೀಟರಿಗೆ ಮಾತ್ರ ಎತ್ತಿದ ಸ್ಥಿತಿ ಸಾಕು: ಅಲಗಿಗೆ ಪಿನ್, ಟಿಲ್ಲರಿಗೆ ಎರಡೂ ಬದಿ ಹಗ್ಗ.

ಕಳಚಿದ ಚುಕ್ಕಾಣಿಯನ್ನು ಹಳೆ ಕಂಬಳಿಯಲ್ಲಿ ಸುತ್ತಿ ದೋಣಿಯ ನೆಲದ ಮೇಲೆ ಮಲಗಿಸಿ. ಅಲಗಿನ ಹಿಂಬದಿಯ ತೆಳು ಅಂಚು ಏನಕ್ಕೂ ಒತ್ತಬಾರದು. ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಅಲಗಾದರೆ ಸಮತಟ್ಟಾಗಿಯೇ ಇಡಬೇಕು. ಎರಡು ತುದಿಗೆ ಆನಿಸಿ ಬಿಸಿಲಿನಲ್ಲಿ ಬಿಟ್ಟರೆ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತದೆ.

ಕಳಚುವುದು ಬೇಡವೆನಿಸುವುದು ಮತ್ತೆ ಜೋಡಿಸುವ ಕಷ್ಟದಿಂದ. ತೂಗಾಡುವ ದೋಣಿಯಲ್ಲಿ ಎರಡು ಗೂಟಗಳನ್ನು ಎರಡು ಬಳೆಗಳಿಗೆ ಒಟ್ಟಿಗೆ ಹೊಂದಿಸುವುದು ಸೂಜಿಗೆ ಎರಡು ದಾರ ಪೋಣಿಸಿದಂತೆ. ಕೆಳಗಿನ ಪಿಂಟಲ್ ಮೇಲಿನದಕ್ಕಿಂತ 15–20 ಮಿ.ಮೀ. ಉದ್ದವಿದ್ದರೆ ಮೊದಲು ಅದು ಕೂರುತ್ತದೆ, ಆಮೇಲೆ ಮೇಲಿನದು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಎರಡೂ ಸಮವಿದ್ದರೆ ಮೇಲಿನದನ್ನು ಗರಗಸದಿಂದ ಅಷ್ಟು ತೆಗೆದು ಅಂಚನ್ನು ಅರದಿಂದ ಉಜ್ಜಿ. ಕೂರಿಸಿದ ಮೇಲೆ ಮೇಲಕ್ಕೆದ್ದು ಬರದಂತೆ ತಡೆ ಬೇಕೇ ಬೇಕು. ಮರದ ಚುಕ್ಕಾಣಿ ತೇಲುತ್ತದೆ, ದೋಣಿ ಮಗುಚಿದಾಗ ಯಾವ ಚುಕ್ಕಾಣಿಯೂ ಕಳಚಿ ಬೀಳಬಹುದು. ಲೇಸರ್‌ನಲ್ಲಿ ಇದಕ್ಕೆಂದೇ ಹಿಂಗೋಡೆಯ ಮೇಲೆ ಸ್ಪ್ರಿಂಗ್ ಪಟ್ಟಿ ಇದೆ. ಉಳಿದ ದೋಣಿಗಳಿಗೆ ಪಿಂಟಲಿನ ತುದಿಯ ತೂತಿಗೆ ಒಂದು ಆರ್-ಕ್ಲಿಪ್ (R ಆಕಾರದ ತಂತಿಯ ಪಿನ್).

ಕೊನೆಗೆ ಬೋಲ್ಟು. 10 ಮಿ.ಮೀ., 316 ದರ್ಜೆಯ ಸ್ಟೇನ್‌ಲೆಸ್, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು), ಅಲಗಿನ ಎರಡೂ ಬದಿಗೆ 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ವಾಷರ್. ಹಗ್ಗಗಳನ್ನೆಲ್ಲ ಬಿಟ್ಟು ಅಲಗನ್ನು ಅಡ್ಡ ಹಿಡಿದು ಕೈ ತೆಗೆದರೆ ಅದು ನಿಧಾನವಾಗಿ ತನ್ನ ಭಾರಕ್ಕೇ ಇಳಿಯಬೇಕು. ದೊಪ್ಪನೆ ಬಿದ್ದರೆ ಸಡಿಲ, ಹಾಗೇ ನಿಂತರೆ ಬಿಗಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿರುವಾಗ ಜೋರಾಗಿ ತಿರುಗಿಸಿದರೆ ಮರೆಗಳು (ಥ್ರೆಡ್) ಒಂದಕ್ಕೊಂದು ಕಚ್ಚಿಕೊಂಡು ಬೆಸುಗೆ ಹಾಕಿದಂತಾಗುತ್ತವೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಹಾಗೆ ಕಚ್ಚದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ಒಂದು ತೊಟ್ಟು ಹಚ್ಚಿ, ಸ್ಪ್ಯಾನರ್ ನಿಧಾನಕ್ಕೆ ತಿರುಗಿಸಿ.